ಸ್ಪೀಕರ್ ಪೆಟ್ಟಿಗೆಗೆ ಯಾವ ಜೋಡಣೆ?

ಪ್ರಶ್ನೆ: ನಾಲ್ಕು ಇಂಚಿನ ಸ್ಪೀಕರ್‌ಗೆ 12 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಮಾಡುತ್ತಿದ್ದೇನೆ. ಮೂಲೆಗಳಿಗೆ ಡವ್‌ಟೇಲ್ (ಹಲ್ಲಿಗೆ ಹಲ್ಲು ಕಚ್ಚಿಸುವ ಜೋಡಣೆ) ಹಾಕಲೇಬೇಕಾ?
– ಓದುಗರು, ಗಂಗಾವತಿ

ಉತ್ತರ: ಬೇಡ. ಎಂಡಿಎಫ್‌ನಲ್ಲಿ ಆ ಸಣ್ಣ ಹಲ್ಲುಗಳು ಸುಲಭವಾಗಿ ಮುರಿಯುತ್ತವೆ. ನಾನಂತೂ ಒಂದು ಹಲಗೆಯ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ತೆಗೆದು ಇನ್ನೊಂದನ್ನು ಕೂರಿಸುತ್ತೇನೆ: 12 ಎಂಎಂ ಅಗಲ, 6 ಎಂಎಂ ಆಳ. ಅಂಟು ಹಿಡಿಯುವ ಜಾಗ ಜಾಸ್ತಿ, ಹಲಗೆಯೂ ಜಾರುವುದಿಲ್ಲ. ಹೀಗೆ ಅಂಚು ತೆಗೆಯುವ ರೂಟರ್ ಯಂತ್ರ ಇಲ್ಲವಾ? ನೇರವಾಗಿ ಅಂಟಿಸಿ, ಒಳಮೂಲೆಗೆ ಮರದ ಪಟ್ಟಿ ಕೊಡಿ. ಚಿಕ್ಕ ಪೆಟ್ಟಿಗೆಗೆ ಅಷ್ಟು ಸಾಕು. ಕತ್ತರಿಸಿದ ಅಂಚು ಅಂಟು ಕುಡಿಯುತ್ತದೆ, ಎರಡು ಸಲ ಹಚ್ಚಿ. ನಮ್ಮ ಕಡೆ ಬೇಸಿಗೆ ಬಿಸಿಗೆ ಅಂಟು ಬೇಗ ಕೆನೆಗಟ್ಟುತ್ತದೆ ಅಲ್ವಾ, ಬೆಳಿಗ್ಗೆಯೇ ಹಚ್ಚಿ ಕ್ಲ್ಯಾಂಪ್ ಬಿಗಿಯಿರಿ. ಅಂಚಿಗೆ ಸ್ಕ್ರೂ ಹಾಕುವುದಾದರೆ ಮೊದಲು ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ. ಸಂದಿಯಲ್ಲಿ ಗಾಳಿ ಸೋರಿದರೆ ಬೇಸ್ (ತಗ್ಗಿನ ದನಿ) ಕೆಡುತ್ತದೆ.