ಬಾಗಲಕೋಟೆಯಲ್ಲಿ ಮನೆ ಕಟ್ಟಿದರೆ ಆ ದುಡ್ಡು ಊರಲ್ಲಿ ಎಷ್ಟು ಉಳಿಯುತ್ತದೆ?

ಯಾವ ಸಾಮಾನು ಎಲ್ಲಿಂದ ತರುತ್ತೀರಿ ಅನ್ನೋದರ ಮೇಲೆ. ಸಾವಿರ ಚದರಡಿ ಆರ್‌ಸಿಸಿ ಮನೆಗೆ ಅಂದಾಜು 400 ಚೀಲ ಸಿಮೆಂಟು, 3ರಿಂದ 4 ಟನ್ ಕಬ್ಬಿಣ ಬೇಕು. ಸಿಮೆಂಟ್ ಕಾರ್ಖಾನೆ ಜಿಲ್ಲೆಯಲ್ಲೇ ಇವೆ. ಕಬ್ಬಿಣದ ದುಡ್ಡು ಮಾತ್ರ ಹೊರಗೆ, ಮೊರ್ಬಿ ಟೈಲ್ಸಿನದು ಗುಜರಾತಿಗೆ. ಇಲ್ಲಿ ಉಳಿಯೋದು ಅಂಗಡಿಯವರ ಲಾಭವಷ್ಟೇ. ಅದೇ ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದರೆ ಕ್ವಾರಿ, ಕಟಿಂಗ್, ಪಾಲಿಶ್, ಲಾರಿ ಬಾಡಿಗೆ ಎಲ್ಲ ಜಿಲ್ಲೆಯೊಳಗೇ ತಿರುಗುತ್ತದೆ.

ನಿಜವಾದ ಪಾಲು ಕೂಲಿಯದು. ಗೌಂಡಿ, ಬಡಿಗೇರ, ಸೆಂಟ್ರಿಂಗ್‌ನವರ ವಾರದ ಬಟವಡೆ ನೇರ ಕಿರಾಣಿ ಅಂಗಡಿ ಸೇರುತ್ತದೆ. ಸ್ಲ್ಯಾಬ್ ಹಾಕುವವರೆಗೆ ಸಾಮಾನಿನ ಖರ್ಚೇ ಹೆಚ್ಚು. ಗಿಲಾವು, ವೈರಿಂಗ್, ನಳ, ಬಣ್ಣದಲ್ಲೇ ಹೆಚ್ಚು ಕೈಗಳಿಗೆ ಕೆಲಸ. ಬಹಳಷ್ಟು ಮನೆಗಳು ದುಡ್ಡು ಸಾಲದೆ ನಿಲ್ಲೋದೂ ಸ್ಲ್ಯಾಬ್ ಆದಮೇಲೆಯೇ. ಆಗ ಕಾಲಮ್ಮಿನ ಮೇಲೆ ಬಿಟ್ಟ ಸರಳು ತುಕ್ಕು ಹಿಡಿಯುತ್ತದೆ, ಗೌಂಡಿ ಗೋವಾ ಬಸ್ ಹತ್ತುತ್ತಾನೆ.