ಸ್ಪ್ರಿಂಗ್ ಗಟ್ಟಿ ಮಾಡ್ಸಿದ್ರೆ ಕಾರ್ ತಿರುವಲ್ಲಿ ವಾಲೋದು ನಿಲ್ಲುತ್ತಾ?

ಕಮ್ಮಿ ಆಗ್ತೈತಿ, ಆದ್ರೆ ದಾವಣಗೆರೆ ರೋಡಿಗೆ ನಾನಂತೂ ಬೇಡ ಅಂತೀನಿ. ತೂಕದ ಸೆಂಟರ್ ಎತ್ತರಕ್ಕಿದ್ದಷ್ಟೂ ವಾಲೋದು ಜಾಸ್ತಿ, ಅದಕ್ಕೇ ಸ್ಪೋರ್ಟ್ಸ್ ಕಾರ್ ಅಷ್ಟು ತಗ್ಗು. ಸ್ಪ್ರಿಂಗ್ ಬಿಟ್ಟು ಆಂಟಿ ರೋಲ್ ಬಾರ್ ನೋಡ್ರಿ, ಅಂದ್ರೆ ಎಡ ಬಲ ಚಕ್ರದ ಸಸ್ಪೆನ್ಷನ್ ಜೋಡಿಸೋ ಸ್ಟೀಲ್ ಸರಳು; ಎರಡು ಚಕ್ರ ಬೇರೆ ಬೇರೆ ಎತ್ತರಕ್ಕೆ ಹೋದಾಗ ಅದು ತಿರುಚ್ಕೊಂಡು ತಡೀತೈತಿ, ಹಂಪ್ ಮೇಲೆ ಎರಡೂ ಒಟ್ಟಿಗೆ ಎದ್ರೆ ಸುಮ್ನಿರ್ತೈತಿ, ಆದ್ರೆ ಒಂದೇ ಚಕ್ರ ಗುಂಡಿಗೆ ಬಿದ್ರೆ ಇಡೀ ಗಾಡಿ ಅಲ್ಲಾಡ್ತೈತಿ. ಹಿಂದಿನ ಬಾರ್ ಅತಿ ಗಟ್ಟಿ ಹಾಕ್ಸಿದ್ರೆ ಮಳೇಲಿ ಹಿಂಬದಿ ಜಾರೋ ಚಾನ್ಸ್ ಬೇರೆ. 2011ರಲ್ಲಿ ಬಂದ ಸ್ಪೋರ್ಟ್ಸ್ ಕಾರ್ ಮೆಕ್‌ಲಾರೆನ್ 12ಸಿ ಮಾಮೂಲಿ ಬಾರೇ ಇಲ್ದೆ ನಾಲ್ಕೂ ಶಾಕ್ ಅಬ್ಸಾರ್ಬರ್‌ನ ಆಯಿಲ್ ಪೈಪಲ್ಲಿ ಜೋಡಿಸಿ ಇದನ್ನ ಬಗೆಹರಿಸ್ತು, ನಮಗದು ಎಟಕಲ್ಲ ಬಿಡ್ರಿ. ಚಿತ್ರದುರ್ಗ ಹೈವೇಲಿ ಲೇನ್ ಬದಲಿಸಿದ್ರೇ ಓಲಾಡ್ತೈತಿ ಅಂದ್ರೆ ಮೊದ್ಲು ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್ ಕೀಲಿನ ರಬ್ಬರ್ ಬುಶ್ ಚೆಕ್ ಮಾಡ್ಸಿ.