ಸುರ್ನಳಿಗೆ ಕಣ್ಣು ಬೀಳುತ್ತಿಲ್ಲ ಎಂದು ಕೇಳಿದ ಕಾರವಾರದ ತಂಗಿಗೆ

ತಂಗಿ, ನೀವು ಬರೆದದ್ದರಲ್ಲಿ ಮೂರು ತೊಂದರೆ ಕಂಡವು: ಸುರ್ನಳಿ (ಕೊಂಕಣಿ ಮನೆಗಳ ಸಿಹಿ ದಪ್ಪ ದೋಸೆ) ಕಣ್ಣು, ಅಂದರೆ ಮೇಲಿನ ಸಣ್ಣ ತೂತು, ಬೀಳದೆ ಚಪ್ಪಟೆಯಾಗಿ ರಬ್ಬರಿನ ಹಾಗೆ ಆಗುತ್ತದೆ, ಅಡಿ ಕಪ್ಪಾದರೂ ಮೇಲೆ ಹಸಿ ಉಳಿಯುತ್ತದೆ, ಸೋಡಾ ಹಾಕಿದ ದಿನ ಅಲ್ಲಲ್ಲಿ ಕೆಂಪು ಚುಕ್ಕೆ. ಮೊದಲು ಸೋಡಾ ಬಿಟ್ಟುಬಿಡಿ. ಆರತಿಗೆ ಅರಿಶಿನ, ಸುಣ್ಣ ಕಲೆಸಿದ ನೀರು ಕೆಂಪಾಗುತ್ತದಲ್ಲ, ಇಲ್ಲಿ ಆದದ್ದೂ ಅದೇ. ಸೋಡಾ ಸರಿಯಾಗಿ ಕರಗದೆ ಗಂಟು ನಿಂತಲ್ಲೆಲ್ಲ ಅರಿಶಿನ ಕೆಂಪಾಗಿದೆ. ಮೈದಾದ ಪ್ಯಾನ್‌ಕೇಕ್ ಬೇಕಿಂಗ್ ಪೌಡರಿನಿಂದ ಆಗಿಂದಾಗ ಉಬ್ಬುತ್ತದೆ, ಸುರ್ನಳಿ ಉಬ್ಬುವುದು ರಾತ್ರಿಯ ಹುಳಿಯಿಂದ. ಹಿಟ್ಟು ಸರಿ ಬಂದಿದ್ದರೆ ಸೋಡಾದ ಕೆಲಸವೇ ಇಲ್ಲ.

200 ಮಿಲಿ ಲೋಟದ ಲೆಕ್ಕದಲ್ಲಿ ಹೇಳುತ್ತೇನೆ. ದೋಸೆ ಅಕ್ಕಿ 2 ಲೋಟ, ಮೆಂತೆ 1 ಚಮಚ. ಎರಡನ್ನೂ ತೊಳೆದು, ಒಂದೂವರೆ ಲೋಟ ಹುಳಿ ಮಜ್ಜಿಗೆಯಲ್ಲಿ 4-5 ತಾಸು ನೆನೆಹಾಕಿ. ಮಜ್ಜಿಗೆ ಕಡೆದು ಎರಡು ದಿನವಾದದ್ದಾದರೆ ಒಳ್ಳೆಯದು. ಅರೆಯುವ ಹತ್ತು ನಿಮಿಷ ಮೊದಲು ಮುಕ್ಕಾಲು ಲೋಟ ದಪ್ಪ ಅವಲಕ್ಕಿ ತೊಳೆದು ಇನ್ನರ್ಧ ಲೋಟ ಮಜ್ಜಿಗೆಯಲ್ಲಿ ನೆನೆಸಿ. ಕಾಯಿತುರಿ ಮುಕ್ಕಾಲು ಲೋಟ, ಪುಡಿ ಬೆಲ್ಲ ಅರ್ಧ ಲೋಟ, ಅರಿಶಿನ ಕಾಲು ಚಮಚ, ಉಪ್ಪು ಅರ್ಧ ಚಮಚ. ಒಂದು ಸೌಟಿಗೆ ಒಂದರಂತೆ 14ರ ಆಸುಪಾಸು ಆಗುತ್ತವೆ.

ಅವಲಕ್ಕಿಯನ್ನು ಕಡಿಮೆ ಮಾಡಬೇಡಿ, ಮೆತ್ತಗಾಗುವುದು ಅದರಿಂದಲೇ. ಮೆಂತೆಯ ಲೋಳೆ ಗಾಳಿಗುಳ್ಳೆಯನ್ನು ಹಿಡಿದಿಡುತ್ತದೆ. ಆದರೆ ಒಂದು ಚಮಚ ದಾಟಿದರೆ ಕಹಿ.

ಎಲ್ಲವನ್ನೂ ಸೇರಿಸಿ, ನೆನೆಸಿದ ಮಜ್ಜಿಗೆಯನ್ನೇ ಹಾಕುತ್ತ ನುಣ್ಣಗೆ ಅರೆಯಿರಿ, ಬೇರೆ ನೀರು ಬೇಡ. ಮಿಕ್ಸಿಯಾದರೆ ಎರಡು ಮೂರು ಸಲಕ್ಕೆ ಹಂಚಿಕೊಳ್ಳಿ, ಜಾರು ಬಿಸಿಯಾಗಲು ಬಿಡಬೇಡಿ. ನಿಮ್ಮ ಹಿಟ್ಟು ತೆಳ್ಳೇವಿನ (ತೀರ ತೆಳುವಾದ ದೋಸೆಯ) ಹಿಟ್ಟಿನಷ್ಟು ನೀರಾಗಿದ್ದಿರಬೇಕು ಅನಿಸುತ್ತದೆ. ತೆಳು ಹಿಟ್ಟಿನಲ್ಲಿ ಗುಳ್ಳೆ ನಿಲ್ಲದೆ ಒಡೆದುಹೋಗುತ್ತದೆ. ಸುರ್ನಳಿಗೆ ಇಡ್ಲಿ ಹಿಟ್ಟಿಗಿಂತ ಚೂರು ಸಡಿಲ ಇದ್ದರೆ ಸಾಕು, ಸೌಟಿನಿಂದ ಬಿಟ್ಟರೆ ಧಾರೆ ಹರಿಯದೆ ಮಡಚಿಕೊಂಡು ಬೀಳಬೇಕು. ಬೆಲ್ಲ ಕರಗಿದ ಮೇಲೆ ಹಿಟ್ಟು ಇನ್ನೂ ಸಡಿಲವಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಶಿರಸಿ ಕಡೆಯ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಹಾಕುವವರು ಕೊನೆಯ ಅರ್ಧ ಲೋಟ ಮಜ್ಜಿಗೆಯನ್ನು ಕಾಲು ಲೋಟಕ್ಕೆ ಇಳಿಸಿ.

ಬೆಲ್ಲವನ್ನು ರಾತ್ರಿ ಅರೆಯುವಾಗಲೇ ಸೇರಿಸಿ. ಬೆಳಿಗ್ಗೆ ಹಾಕಿ ತಿರುವಿದರೆ ರಾತ್ರಿಯಿಡೀ ಎದ್ದ ಗಾಳಿಯೆಲ್ಲ ಹೋಗುತ್ತದೆ. ಮುಕ್ಕಾಲು ಲೋಟದ ಮೇಲೆ ಬೆಲ್ಲ ಬೇಡ, ಅಡಿ ಕಪ್ಪಾಗಿ ಕಾವಲಿಗೆ ಹಿಡಿಯುವುದಕ್ಕೆ ಅರ್ಧ ಕಾರಣ ಅದೇ.

ಪಾತ್ರೆ ಅರ್ಧದಷ್ಟು ಖಾಲಿ ಇರಲಿ. ಕರಾವಳಿಯ ಬೇಸಿಗೆಯಲ್ಲಿ 8 ತಾಸಿಗೇ ಹಿಟ್ಟು ಎದ್ದಿರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಘಟ್ಟದ ಮೇಲೆ, 12-14 ತಾಸು ಬೇಕಾದೀತು. ಒಲೆಯ ಪಕ್ಕ ಬೆಚ್ಚಗೆ ಇಡಿ. ಗಡಿಯಾರಕ್ಕಿಂತ ಹಿಟ್ಟು ನೋಡಿ: ಮೇಲೆ ಸಣ್ಣ ಸಣ್ಣ ಗುಳ್ಳೆ, ಹುಳಿ ಪರಿಮಳ, ಸೌಟು ಅದ್ದಿದರೆ ನೊರೆಯ ಹಾಗೆ ಹಗುರ.

ಇನ್ನು ಹೊಯ್ಯುವುದು. ದಪ್ಪ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ, ಎಣ್ಣೆ ಸವರಿ ಉರಿ ಸಣ್ಣ ಮಾಡಿ. ಹಿಟ್ಟನ್ನು ಕಲಕದೆ ಅಂಚಿನಿಂದ ಒಂದು ಸೌಟು ತೆಗೆದು ನಡುವೆ ಬಿಡಿ. ಸೌಟಿನಿಂದ ಹರಡಬೇಡಿ, ತಾನೇ ಅಂಗೈ ಅಗಲಕ್ಕೆ ಬಂದು ನಿಲ್ಲುತ್ತದೆ. ಅರ್ಧ ನಿಮಿಷ ಮುಚ್ಚದೆ ನೋಡುತ್ತಿರಿ: ಮೊದಲು ಅಂಚಿನಲ್ಲಿ, ಆಮೇಲೆ ನಡುವಿನತ್ತ ಒಂದೊಂದೇ ಗುಳ್ಳೆ ಎದ್ದು ಒಡೆದು ಕಣ್ಣು ಬಿಡುತ್ತದೆ. ಕಣ್ಣು ನಡುವಿನವರೆಗೂ ಬಂದ ಮೇಲೆ ಸುತ್ತ ತುಪ್ಪ ಬಿಟ್ಟು ಮುಚ್ಚಿ. ಮೊದಲೇ ಮುಚ್ಚಿದರೆ ಆವಿಗೆ ಮೇಲ್ಮೈ ಬೆಂದು ಕಣ್ಣು ಅಲ್ಲೇ ಕಟ್ಟುತ್ತದೆ. ಸಣ್ಣ ಉರಿಯಲ್ಲಿ 2 ನಿಮಿಷ ಬೇಯಲಿ. ಪ್ರತಿ ಸಲ ಮುಚ್ಚಳದ ನೀರು ಒರೆಸಿಕೊಳ್ಳಿ, ಹನಿ ಬಿದ್ದಲ್ಲಿ ಅಂಟಂಟು. ಬೆರಳು ಮುಟ್ಟಿಸಿದರೆ ಹಿಟ್ಟು ಹತ್ತದಿದ್ದರೆ ಆಯಿತು. ಮಗುಚಿ ಹಾಕಬಾರದು, ಇದು ಒಂದೇ ಮಗ್ಗುಲು ಬೇಯುವ ದೋಸೆ.

ಮೊದಲನೆಯದು ಹಿಡಿದರೆ ಗಾಬರಿ ಬೇಡ. ಅರ್ಧ ಈರುಳ್ಳಿಯಿಂದ ಕಾವಲಿ ಉಜ್ಜಿ, ಮತ್ತೆ ಎಣ್ಣೆ ಸವರಿ ಎರಡನೆಯದು ಹೊಯ್ಯಿರಿ. ನಾಲ್ಕೈದು ಆದ ಮೇಲೆ ಕಾವಲಿ ಅತಿಯಾಗಿ ಕಾಯುತ್ತದೆ, ಆಗ ಒಂದು ಚಿಮುಕು ನೀರು ಹಾಕಿ ಒರೆಸಿ.

ಬಿಸಿ ಇರುವಾಗಲೇ ಮನೆಯ ಬೆಣ್ಣೆ ಇಟ್ಟು ಕೊಡಿ, ಕರಗಿ ಆ ಕಣ್ಣುಗಳೊಳಗೆ ಇಳಿಯುತ್ತದೆ. ಉಳಿದ ಹಿಟ್ಟು ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಮರುದಿನ ಹುಳಿ ಜಾಸ್ತಿಯಾಗಿರುತ್ತದೆ, ಒಂದು ಚಮಚ ಬೆಲ್ಲ ಹಾಕಿಕೊಂಡರೆ ರುಚಿ ಸರಿಹೋಗುತ್ತದೆ, ಕಣ್ಣು ಮಾತ್ರ ಮೊದಲ ದಿನದಷ್ಟು ಬೀಳುವುದಿಲ್ಲ.